ಐರನ್ ಮೇಡನ್ ಕೇಳೋಕೆ ಎಲ್ಲಿಂದ ಶುರು ಮಾಡಲಿ? ಆಲ್ಬಮ್ 17 ಇವೆ!

ಹಾಸನದ_ಹುಡುಗ:
ಎಲ್ಲರಿಗೂ ನಮಸ್ಕಾರ. ಕಾಲೇಜಲ್ಲಿ ಸೀನಿಯರ್ ಒಬ್ಬರ ಬೈಕಿನ ಮೇಲೆ ಒಂದು ಅಸ್ಥಿಪಂಜರದ ಸ್ಟಿಕ್ಕರ್ ಇತ್ತು. ಇದ್ಯಾವ ದೆವ್ವ ಅಂತ ಕೇಳಿದ್ದಕ್ಕೆ 'ಇದು ಎಡ್ಡಿ ಕಣೋ, ಐರನ್ ಮೇಡನ್ ಅನ್ನೋ ಇಂಗ್ಲಿಷ್ ಹೆವಿ ಮೆಟಲ್ ಬ್ಯಾಂಡಿನ ಗುರುತು' ಅಂದು ಅವರ 'ದಿ ಟ್ರೂಪರ್' ಹಾಡು ಕೇಳಿಸಿದರು. ಅವತ್ತಿಂದ ಅದೊಂದೇ ಹಾಡು, ಏನಿಲ್ಲ ಅಂದರೂ ಮೂವತ್ತು ಸಲ ಆಗಿದೆ. ಮುಂದೆ ಏನು ಕೇಳೋದು ಅಂತ ಗೊತ್ತಾಗ್ತಿಲ್ಲ. ಆ್ಯಪ್‌ನಲ್ಲಿ ನೋಡಿದರೆ ಸ್ಟುಡಿಯೋ ಆಲ್ಬಮ್ಮೇ 17. ಲೈವ್ ಬೇರೆ, ಬೆಸ್ಟ್ ಆಫ್ ಬೇರೆ. ಮೊದಲಿಂದ ವರ್ಷದ ಪ್ರಕಾರ ಕೇಳಲಾ? ಇನ್ನೊಂದು ವಿಷಯ, ಹಾಡಿನ ಇಂಗ್ಲಿಷ್ ಪೂರ್ತಿ ಕಿವಿಗೆ ಬೀಳಲ್ಲ. ಅದಕ್ಕೂ ಏನಾದರೂ ದಾರಿ ಹೇಳಿ.

ಬೇಸ್_ಭಟ್ರು:
ವರ್ಷದ ಪ್ರಕಾರ ಬೇಡ ತಮ್ಮಾ. ಹಾಗೆ ಹೊರಟವರಲ್ಲಿ ಅರ್ಧ ಜನ 1990ರ ಸ್ಟಾಪ್‌ನಲ್ಲಿ ಬಸ್ ಇಳಿದುಬಿಡುತ್ತಾರೆ. ಬೆಸ್ಟ್ ಆಫ್ ಕೂಡ ಬೇಡ. ಊಟಕ್ಕೆ ಕೂತು ಬರೀ ಹೋಳಿಗೆ ತಿಂದು ಎದ್ದ ಹಾಗಾಗುತ್ತೆ.

ನಾನು ಶಿರಸಿ ಕಡೆಯವನು, ಯಕ್ಷಗಾನ ನೋಡಿಕೊಂಡು ಬೆಳೆದವನು. ಮೇಡನ್ ನನ್ನನ್ನು ಹಿಡಿದದ್ದು ಗಿಟಾರಿಂದಲ್ಲ, ಕಥೆಯಿಂದ. ಇವರ ಒಳ್ಳೆಯ ಹಾಡು ಒಂದೊಂದೂ ಒಂದು ಪ್ರಸಂಗ. ಯುದ್ಧಕ್ಕೆ ಹೊರಟ ಸಿಪಾಯಿ, ಬೆಳಗಾದರೆ ಗಲ್ಲಿಗೇರುವ ಕೈದಿ, ಶಾಪ ತಗುಲಿದ ಹಡಗು. ಹಾಡುಗಾರ ಬ್ರೂಸ್ ಡಿಕಿನ್ಸನ್ ಸ್ಟೇಜ್ ಮೇಲೆ ಹಾರಾಡುವುದು ನೋಡಿದರೆ ಥೇಟ್ ವೇಷಧಾರಿ. ಆದರೆ ಮೇಳದ ಯಜಮಾನ ಅವನಲ್ಲ. ಬೇಸ್ ಗಿಟಾರ್ ಬಾರಿಸುವ ಸ್ಟೀವ್ ಹ್ಯಾರಿಸ್. 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಬ್ಯಾಂಡ್ ಕಟ್ಟಿದವನು, ಇವತ್ತಿಗೂ ಹಗ್ಗ ಬಿಟ್ಟಿಲ್ಲ. ಹದಿನೇಳೂ ಆಲ್ಬಮ್‌ಗಳಲ್ಲಿ ಇರುವವರು ಅವನು ಮತ್ತು ಗಿಟಾರಿನ ಡೇವ್ ಮರ್ರೆ, ಇಬ್ಬರೇ.

'ಟ್ರೂಪರ್'ನಲ್ಲಿ ನಿನ್ನನ್ನು ಹಿಡಿದದ್ದು ಏನು ಗೊತ್ತಾ? ಅವನ ಬೇಸ್. ತಾ-ತಕ ತಾ-ತಕ ತಾ-ತಕ. ಒಂದು ಉದ್ದ, ಎರಡು ಗಿಡ್ಡ. ಕುದುರೆ ದೌಡಾಯಿಸಿದ ಹಾಗೆ. ಇದಕ್ಕೇ ಗ್ಯಾಲಪ್ ಅನ್ನುವುದು. ಪಿಕ್ ಹಿಡಿಯದೆ ಬರೀ ಬೆರಳಲ್ಲಿ ಬಾರಿಸುತ್ತಾನೆ. ಮೇಜಿನ ಮೇಲೆ ಎರಡು ಬೆರಳಲ್ಲಿ ಅದೇ ವೇಗಕ್ಕೆ ಕುಟ್ಟಿ ನೋಡು, ಒಂದು ನಿಮಿಷಕ್ಕೆ ಮುಂಗೈ ಹಿಡಿದುಕೊಳ್ಳುತ್ತೆ. ಆ ಹಾಡು 1854ರ ಬಾಲಕ್ಲಾವಾ ಯುದ್ಧದ ಕಥೆ. ಬ್ರಿಟಿಷ್ ಕುದುರೆ ದಂಡು ರಷ್ಯನ್ನರ ಫಿರಂಗಿ ಬಾಯಿಗೇ ನುಗ್ಗಿತ್ತಲ್ಲ, ಅದು. ಈಗ ಮತ್ತೊಮ್ಮೆ ಕೇಳು. ಕುದುರೆ ಕಾಣದಿದ್ದರೆ ಹೇಳು.

ಇಂಗ್ಲಿಷ್ ಸಮಸ್ಯೆಗೂ ಉತ್ತರ ಇಲ್ಲೇ ಇದೆ. ಹಾಡಿಗೆ ಮೊದಲು ಅದರ ಕಥೆ ಎರಡು ನಿಮಿಷ ಓದಿಕೋ. ಪ್ರಸಂಗ ಗೊತ್ತಿದ್ದು ಆಟಕ್ಕೆ ಹೋದವನಿಗೆ ಪ್ರತಿ ಪದ ಕೇಳದಿದ್ದರೂ ನಡೆಯುತ್ತೆ.

ಈಗ ಶುರು ಎಲ್ಲಿಂದ? 'ಪವರ್‌ಸ್ಲೇವ್', 1984. ಎಂಟೇ ಹಾಡು. ಎರಡನೇ ಮಹಾಯುದ್ಧದ ವಿಮಾನ ಕಾಳಗದಿಂದ ಶುರುವಾಗಿ ಈಜಿಪ್ಟಿನ ಫೇರೋ ಸಮಾಧಿ ತನಕ ಹೋಗುತ್ತೆ. ನಡುವೆ ಒಂದೆರಡು ಸಾಧಾರಣ ಹಾಡು ಇವೆ, ಸುಳ್ಳು ಹೇಳಲ್ಲ. ಆದರೆ ಕೊನೆಯದು ಇದೆಯಲ್ಲ, 'ರೈಮ್ ಆಫ್ ದಿ ಏನ್ಶಿಯೆಂಟ್ ಮ್ಯಾರಿನರ್', 13 ನಿಮಿಷ ಮೀರಿದ್ದು, ಅದಕ್ಕೆ ಟೈಮ್ ಮಾಡಿಕೋ. ಕೋಲ್‌ರಿಜ್ ಕವಿಯ ಹಳೆಯ ಕಥನಕವನವನ್ನು ಹ್ಯಾರಿಸ್ ಹಾಡಿಗಿಳಿಸಿದ್ದಾನೆ. ಒಬ್ಬ ನಾವಿಕ ಸುಮ್ನೆ, ಕಾರಣವೇ ಇಲ್ಲದೆ, ಶುಭ ತಂದ ಹಕ್ಕಿಯನ್ನು ಹೊಡೆದು ಕೊಲ್ಲುತ್ತಾನೆ. ಗಾಳಿ ನಿಲ್ಲುತ್ತೆ. ಸುತ್ತ ನೀರು, ಕುಡಿಯಲು ಒಂದು ಹನಿ ಇಲ್ಲ. ಜೊತೆಯವರು ಸತ್ತ ಹಕ್ಕಿಯನ್ನು ಅವನ ಕೊರಳಿಗೆ ಕಟ್ಟುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಸಾಯುತ್ತಾರೆ. ಇಲ್ಲಿಯವರೆಗೆ ಓಡುತ್ತಿದ್ದ ಹಾಡು ನಡುವೆ ನಿಂತೇಬಿಡುತ್ತೆ. ಡ್ರಮ್ ಇಲ್ಲ. ಬೇಸ್ ಒಂದೇ ಮೆಲ್ಲಗೆ, ಹಡಗಿನ ಮರ ಕಿರುಗುಟ್ಟುವ ಸದ್ದು, ಒಂದು ದನಿ ಪದ್ಯ ಓದುತ್ತೆ. ಮೊದಲ ಸಲ ಕೇಳಿದಾಗ ಟೇಪ್ ಸಿಕ್ಕಿಹಾಕಿಕೊಂಡಿತು ಅಂತ ಎದ್ದು ಹೋಗಿದ್ದೆ. ಆಮೇಲೆ ಅದು ನಿಧಾನಕ್ಕೆ ಮೇಲೇಳುವ ಜಾಗ ಇದೆಯಲ್ಲ... ಹೇಳಲ್ಲ, ನೀನೇ ಕೇಳು. ರಾತ್ರಿ, ಇಯರ್‌ಫೋನ್ ಹಾಕಿಕೊಂಡು.

ಅದಾದ ಮೇಲೆ 'ಲೈವ್ ಆಫ್ಟರ್ ಡೆತ್' (1985). ಲೈವ್ ಆಲ್ಬಮ್, ಆದರೂ ಎರಡನೆಯದು ಇದೇ ಆಗಲಿ. ಅದೇ ಪವರ್‌ಸ್ಲೇವ್ ಪ್ರವಾಸದಲ್ಲಿ ರೆಕಾರ್ಡ್ ಮಾಡಿದ್ದು. ಅಲ್ಲಿಯತನಕದ ಐದೂ ಆಲ್ಬಮ್‌ಗಳ ಸಾರ ಅದರಲ್ಲಿದೆ. ಆ ಪ್ರವಾಸ 331 ದಿನ ನಡೆಯಿತು, ಪೋಲೆಂಡಿನಿಂದ ಶುರು. ಆಗ ಪೂರ್ವ ಯುರೋಪಿಗೆ ಇಷ್ಟು ದೊಡ್ಡ ಸೆಟ್ ಹೊತ್ತು ಹೋಗುವವರೇ ಇರಲಿಲ್ಲ. ಮುಗಿಯುವಷ್ಟರಲ್ಲಿ ಬ್ರೂಸ್ ಸುಸ್ತಾಗಿ ಹೋಗಿದ್ದ.

ಆ ಸುಸ್ತು ಮುಂದಿನ 'ಸಮ್‌ವೇರ್ ಇನ್ ಟೈಮ್'ನಲ್ಲಿ (1986) ಕಾಣುತ್ತೆ. ಬ್ರೂಸ್ ಅಕೌಸ್ಟಿಕ್ ಹಾಡು ಬರೆದು ತಂದ, ಉಳಿದವರು ಬೇಡ ಅಂದರು. ಹಾಗಾಗಿ ಅದರಲ್ಲಿ ಅವನು ಬರೆದದ್ದು ಒಂದೂ ಇಲ್ಲ. ಆ ಜಾಗ ತುಂಬಿದವನು ಗಿಟಾರಿನ ಏಡ್ರಿಯನ್ ಸ್ಮಿತ್. 'ವೇಸ್ಟೆಡ್ ಇಯರ್ಸ್' ಅವನದೇ. ಗಿಟಾರ್ ಸಿಂಥ್, ಅಂದರೆ ಗಿಟಾರಿಂದ ಕೀಬೋರ್ಡಿನಂಥ ಸದ್ದು ಹೊರಡಿಸುವ ಯಂತ್ರ, ಬಳಸಿದ್ದಕ್ಕೆ ಆಗ ಬೈದವರು ಬಹಳ, ಈಗ ಅದೇ ಜನ ಹೊಗಳುತ್ತಾರೆ. ಕವರ್ ಚಿತ್ರ ದೊಡ್ಡದು ಮಾಡಿಕೊಂಡು ನೋಡು. ಅದನ್ನು ಬರೆದ ಡೆರೆಕ್ ರಿಗ್ಸ್ ಚಿತ್ರದ ಊರು ತುಂಬ ಚೇಷ್ಟೆ ತುಂಬಿಸಿದ್ದಾನೆ. ಒಂದು ಗಡಿಯಾರ 23:58 ತೋರಿಸುತ್ತೆ, ಮಧ್ಯರಾತ್ರಿಗೆ ಎರಡು ನಿಮಿಷ. ಅದು ಪವರ್‌ಸ್ಲೇವ್‌ನ ಒಂದು ಹಾಡಿನ ಹೆಸರು. ಕೊನೆಯ ಹಾಡು 'ಅಲೆಕ್ಸಾಂಡರ್ ದಿ ಗ್ರೇಟ್'. ಸೈನಿಕರು ಇಂಡಿಯಾಕ್ಕೆ ಬರಲ್ಲ ಅಂತ ಹಟ ಹಿಡಿಯುವ ತನಕ ಅವನ ಜಾತಕ ಪೂರ್ತಿ ಇದೆ. ಇದನ್ನು ಸ್ಟೇಜ್ ಮೇಲೆ ಮೊದಲ ಸಲ ಬಾರಿಸಿದ್ದು 2023ರಲ್ಲಿ. ಮೂವತ್ತೇಳು ವರ್ಷ ಕಾಯಿಸಿದರು!

'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್' (1988) ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ. ಏಳನೇ ಮಗನಿಗೆ ಹುಟ್ಟಿದ ಏಳನೇ ಮಗನಿಗೆ ಮುಂದಾಗುವುದು ಕಾಣುತ್ತೆ ಅನ್ನುವ ಜನಪದ ನಂಬಿಕೆ. ನಮ್ಮಲ್ಲಿ ಆ ಭಾಗ್ಯ ಎಂಟನೆಯವನಿಗೆ, ಇರಲಿ. ಊರಿಗೆ ಕೇಡು ಬರುತ್ತೆ ಅಂತ ಅವನು ಹೇಳುತ್ತಾನೆ, ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಆಲ್ಬಮ್ ಶುರುವಾದ ಸಾಲುಗಳಲ್ಲೇ ಮುಗಿಯುತ್ತೆ, ಬರೀ ಅಕೌಸ್ಟಿಕ್ ಗಿಟಾರ್ ಜೊತೆ. ಇದನ್ನು ಮಾತ್ರ ಶಫಲ್ ಹಾಕಿ ಕೇಳಬೇಡ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗು. 1982ರ 'ದಿ ನಂಬರ್ ಆಫ್ ದಿ ಬೀಸ್ಟ್', ಬ್ರೂಸ್ ಬಂದ ಮೊದಲ ಆಲ್ಬಮ್. ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, ಅಮೆರಿಕದಲ್ಲಿ ಸೈತಾನನ ಸಂಗೀತ ಅಂತ ಜನ ಸುಟ್ಟರು. ಎಲ್ಲರೂ ಇದರಿಂದ ಶುರು ಮಾಡು ಅಂತಾರೆ, ನಾನು ಒಪ್ಪಲ್ಲ. 'ಇನ್ವೇಡರ್ಸ್', 'ಗ್ಯಾಂಗ್‌ಲ್ಯಾಂಡ್' ಎರಡೂ ಜಾಗ ತುಂಬಿಸಲು ಹಾಕಿದ್ದು. ಆದರೆ 'ಹ್ಯಾಲೋಡ್ ಬಿ ದೈ ನೇಮ್' ಇಲ್ಲೇ ಇರುವುದು. ಗಲ್ಲಿಗೆ ಕಾಯುತ್ತಿರುವವನ ಕೊನೆಯ ಕ್ಷಣಗಳು. ನೀನು ಕೇಳಿದ ಟ್ರೂಪರ್ ಇರುವುದು ಮರುವರ್ಷದ 'ಪೀಸ್ ಆಫ್ ಮೈಂಡ್'ನಲ್ಲಿ. ಅದರಲ್ಲೇ 'ಕ್ವೆಸ್ಟ್ ಫಾರ್ ಫೈರ್' ಅಂತ ಒಂದಿದೆ. ಡೈನೋಸಾರ್ ಓಡಾಡುವ ಕಾಲದಲ್ಲಿ ಮನುಷ್ಯರು ಬೆಂಕಿ ಹುಡುಕುತ್ತಾರೆ. ಇತಿಹಾಸ ಪ್ರಿಯ ಹ್ಯಾರಿಸ್ ಅವತ್ತು ರಜೆಯಲ್ಲಿದ್ದ ಅಂದುಕೋ.

ಮೊದಲ ಎರಡು ಆಲ್ಬಮ್ (1980, 1981) ಬೇರೆ ಹಾಡುಗಾರನದು, ಆಮೇಲೆ ಕೇಳಿದರಾಯಿತು. 1990ರದ್ದು ಬಿಡು. 1992ರ 'ಫಿಯರ್ ಆಫ್ ದಿ ಡಾರ್ಕ್'ನಲ್ಲಿ ಹನ್ನೆರಡು ಹಾಡು, ಕೊನೆಯದು ಅದೇ ಹೆಸರಿನದು, ಅದನ್ನು ಕೇಳದೆ ಸಾಯಬಾರದು. ಆಮೇಲೆ ಬ್ರೂಸ್ ಬಿಟ್ಟುಹೋದ. 1995, 1998ರ ಎರಡು ಆಲ್ಬಮ್ ದಾಟಿ ಸೀದಾ 2000ಕ್ಕೆ ಬಾ. ಉಳಿದದ್ದು ನಾಳೆ ಬರೆಯುತ್ತೇನೆ, ಮನೆಯಲ್ಲಿ ಊಟಕ್ಕೆ ಕರೀತಿದಾರೆ.

ಕ್ಯಾಸೆಟ್_ಅಕ್ಕ:
ಭಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ 'ಬೇರೆ ಹಾಡುಗಾರನದು' ಅಂತ ಒಂದೇ ಸಾಲಲ್ಲಿ ಪಾಲ್ ಡಿಯಾನೊನ ಕಥೆ ಮುಗಿಸಿಬಿಟ್ರಲ್ಲ! ಹೆಸರಾದರೂ ಹೇಳಬೇಕಿತ್ತು. 2024ರ ಅಕ್ಟೋಬರಲ್ಲಿ ಹೋದ, ಪಾಪ.

ಹುಡುಗ, ಬ್ರೂಸ್ ದನಿ ದೇವಸ್ಥಾನದ ಗಂಟೆ ಇದ್ದ ಹಾಗೆ. ಡಿಯಾನೊದು ಬೀದಿ ದನಿ. ಒರಟು, ಸ್ವಲ್ಪ ಜಗಳಗಂಟಿ. ಮೊದಲ ಆಲ್ಬಮ್‌ನಲ್ಲಿ 'ಫ್ಯಾಂಟಮ್ ಆಫ್ ದಿ ಒಪೆರಾ' ಕೇಳು. ಏಳು ನಿಮಿಷದ ಹಾಡು, ಲಯ ಎಷ್ಟು ಸಲ ತಿರುಗುತ್ತೆ ಲೆಕ್ಕ ಇಡು. ಭಟ್ಟರು ಹೇಳಿದ ಪ್ರಸಂಗಗಳೆಲ್ಲ ಹುಟ್ಟಿದ್ದು ಆ ಒಂದು ಹಾಡಿಂದ. ಆ ಆಲ್ಬಮ್‌ನ ರೆಕಾರ್ಡಿಂಗ್ ಬ್ಯಾಂಡಿನವರಿಗೇ ಇಷ್ಟ ಇರಲಿಲ್ಲ. ಎರಡನೆಯ 'ಕಿಲ್ಲರ್ಸ್'ಗೆ ರೆಕಾರ್ಡಿಂಗ್ ನೋಡಿಕೊಳ್ಳುವ ಪ್ರೊಡ್ಯೂಸರ್ ಆಗಿ ಮಾರ್ಟಿನ್ ಬರ್ಚ್ ಬಂದ ಮೇಲೆ ಸದ್ದು ಸರಿಯಾಯಿತು. 1992ರ ತನಕ ಅವನೇ ಇದ್ದ. ಬೀಸ್ಟ್ ಹಾಡಿನ ಆ ಚೀರಾಟ ಇದೆಯಲ್ಲ? ಬರ್ಚ್ ಶುರುವಿನ ಮೆಲ್ಲಗಿನ ನಾಲ್ಕು ಸಾಲನ್ನೇ ಗಂಟೆಗಟ್ಟಲೆ ಹಾಡಿಸಿ ಹಾಡಿಸಿ ಬ್ರೂಸ್‌ನ ತಲೆ ಕೆಡಿಸಿದ್ದ. ಆ ಸಿಟ್ಟೇ ಚೀರಾಟ ಆಗಿ ಬಂದದ್ದು.

ನನ್ನ ಹತ್ತಿರ ಕಿಲ್ಲರ್ಸ್ ಕ್ಯಾಸೆಟ್ ಇತ್ತು. ಮೈಸೂರಲ್ಲಿ ಪಿಯುಸಿ ಓದುವಾಗ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ್ದು. ಬಿ ಸೈಡಲ್ಲಿ ಕೊನೆಯ ಹಾಡಿನ ಅರ್ಧಕ್ಕೆ ಟೇಪ್ ಮುಗಿದು, ಅಂಗಡಿಯವನು ಹಾಗೇ ಕೊಟ್ಟಿದ್ದ. ಆ ಹಾಡಿನ ಇನ್ನರ್ಧ ನಾನು ಕೇಳಿದ್ದು ಹನ್ನೆರಡು ವರ್ಷ ಆದ ಮೇಲೆ. ಈಗಲೂ ಆ ಜಾಗ ಬಂದಾಗ ಕಟ್ ಅಂತ ನಿಲ್ಲುತ್ತೆ ಅಂತ ಕೈ ಸ್ಟಾಪ್ ಬಟನ್ ಕಡೆ ಹೋಗುತ್ತೆ.

ತಮಟೆ_ತಿಮ್ಮ:
ಎಲ್ಲರೂ ಬೇಸು, ಗಂಟಲು ಅಂತ ಮಾತಾಡ್ತೀರಿ, ಹಿಂದೆ ಕೂತವನನ್ನ ಕೇಳೋರೇ ಇಲ್ಲ 🙂

ಮೊದಲ ಮೂರು ಆಲ್ಬಮ್ ಕ್ಲೈವ್ ಬರ್. ಬೀಸ್ಟ್ ಆಲ್ಬಮ್‌ನ 'ರನ್ ಟು ದಿ ಹಿಲ್ಸ್' ಶುರುವಿನ ಪೆಟ್ಟು ಅವನದು. ಆಮೇಲೆ ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಆಯಿತು. ಬ್ಯಾಂಡ್‌ನವರು ಅವನಿಗಾಗಿ ಸಹಾಯಾರ್ಥ ಶೋ ಮಾಡಿದರು, 2013ರಲ್ಲಿ ಹೋದ. ಪೀಸ್ ಆಫ್ ಮೈಂಡ್‌ನಿಂದ ನಿಕೊ ಮೆಕ್‌ಬ್ರೇನ್. ಆ ಆಲ್ಬಮ್‌ನ ಮೊದಲ ಹಾಡು 'ವೇರ್ ಈಗಲ್ಸ್ ಡೇರ್' ಶುರುವಾಗುವುದೇ ಅವನ ಡ್ರಮ್ಮಿಂದ. 'ಬಂದೆ ನಾನು' ಅಂತ ಬಾಗಿಲು ಒದ್ದ ಹಾಗೆ.

ಕಾಲಿನ ಕೆಲಸ ಕೇಳಿ. ಅಷ್ಟು ವೇಗಕ್ಕೆ ಬೇರೆಯವರು ಎರಡು ಪೆಡಲ್ ಇಟ್ಟುಕೊಳ್ಳುತ್ತಾರೆ. ಇವನದು ಒಂದೇ ಪೆಡಲ್, ಅದೂ ಬರಿಗಾಲಲ್ಲಿ. ನಾನು ಊರ ಜಾತ್ರೆಯಲ್ಲಿ ತಮಟೆ ಹೊಡೆದವನು, ಕೈ ಓಡುತ್ತೆ. ಬಲಗಾಲಲ್ಲಿ ಅದನ್ನೇ ಮಾಡೋಕೆ ಹೋಗಿ ಮೂರು ದಿನ ಕುಂಟಿದೆ. 2024ರ ಡಿಸೆಂಬರಲ್ಲಿ ನಿಕೊ ಪ್ರವಾಸದಿಂದ ನಿವೃತ್ತಿ ತಗೊಂಡ. ಈಗ ಸ್ಟೇಜ್ ಮೇಲೆ ಸೈಮನ್ ಡಾಸನ್.

ಕೊಪ್ಪಳ_ಕತ್ತಲು:
ಭಟ್ರೇ, '1995, 1998 ದಾಟಿ ಸೀದಾ 2000ಕ್ಕೆ ಬಾ' ಅಂದ್ರಿ. ನನಗೆ ಸಿಟ್ಟು ಬಂತು ನೋಡ್ರಿ.

1998ರ 'ವರ್ಚುವಲ್ 11' ಬೇಕಾದ್ರೆ ದಾಟಿಸ್ರಿ. ಅದರಲ್ಲಿ 'ಏಂಜೆಲ್ ಅಂಡ್ ದಿ ಗ್ಯಾಂಬ್ಲರ್' ಅಂತ ಹತ್ತು ನಿಮಿಷ ಒಂದೇ ಸಾಲು ರುಬ್ಬುತ್ತಾರೆ, ನಾನೂ ತಡಕೊಳ್ಳಲ್ಲ. ಆದರೆ 1995ರ 'ದಿ ಎಕ್ಸ್ ಫ್ಯಾಕ್ಟರ್' ಬಿಡಬಾರದು. ಬ್ರೂಸ್ ಹೋಗಿದ್ದ, ಹೊಸ ಹಾಡುಗಾರ ಬ್ಲೇಝ್ ಬೇಲಿ. ಹ್ಯಾರಿಸ್‌ನ ಮದುವೆ ಮುರಿದಿತ್ತು. ಆ ಕತ್ತಲು ಪೂರ್ತಿ ಆಲ್ಬಮ್‌ಗೆ ಬಂದಿದೆ. ಮೊದಲ ಹಾಡು 'ಸೈನ್ ಆಫ್ ದಿ ಕ್ರಾಸ್' 11 ನಿಮಿಷ, ಸನ್ಯಾಸಿಗಳು ಜಪ ಮಾಡಿದ ಹಾಗೆ ಶುರು. ಗಿಟಾರ್ ಬರೋಕೇ ಎಷ್ಟೋ ಹೊತ್ತು. ಬ್ಲೇಝ್‌ನ ದನಿ ಬ್ರೂಸ್‌ನಷ್ಟು ಎತ್ತರ ಹೋಗಲ್ಲ. ಹಳೆ ಹಾಡು ಹಾಡೋಕೆ ಹೋಗಿ ಪಾಪ ಸ್ಟೇಜ್ ಮೇಲೆ ಒದ್ದಾಡಿದ. ಆದರೆ ಈ ಆಲ್ಬಮ್‌ನ ಹಾಡುಗಳು ಅವನ ಗಂಟಲಿಗೇ ಅಳತೆ ತಗೊಂಡು ಹೊಲಿದವು.

ನಾನು ಇದನ್ನ ಕೇಳಿದ್ದು ಹಾಸ್ಟೆಲ್‌ನಲ್ಲಿ, ಎರಡನೇ ವರ್ಷ ಫೇಲ್ ಆದ ರಾತ್ರಿ. ಊರಿಗೆ ಫೋನ್ ಮಾಡೋಕೆ ಧೈರ್ಯ ಇರಲಿಲ್ಲ. ಕರೆಂಟ್ ಹೋಗಿತ್ತು. ರೂಮ್‌ಮೇಟ್‌ನ ಎಂಪಿತ್ರಿ ಪ್ಲೇಯರ್‌ನಲ್ಲಿ ಇದೊಂದೇ ಆಲ್ಬಮ್ ಚಾರ್ಜ್ ಮುಗಿಯೋ ತನಕ. 'ಪವರ್‌ಸ್ಲೇವ್' ಅವತ್ತು ಕೇಳಿದ್ದರೆ ಕಿತ್ತು ಬಿಸಾಡ್ತಿದ್ದೆ. ಗೆಲ್ಲುವವರ ಹಾಡು ಅದು.

ಬೇಸ್_ಭಟ್ರು:
ಕೊಪ್ಪಳದವರೇ, ತಪ್ಪಾಯಿತು. ನಿನ್ನೆ ನಿಮ್ಮ ಪೋಸ್ಟ್ ಓದಿ ರಾತ್ರಿ ಎಕ್ಸ್ ಫ್ಯಾಕ್ಟರ್ ಪೂರ್ತಿ ಕೂತು ಕೇಳಿದೆ, ಎಷ್ಟೋ ವರ್ಷದ ಮೇಲೆ. 'ಸೈನ್ ಆಫ್ ದಿ ಕ್ರಾಸ್' ಒಪ್ಪಿದೆ. ನಡುವಿನ ನಾಲ್ಕೈದು ಹಾಡು ಒಂದೇ ಥರ ಇವೆ ಅನ್ನುವ ಮಾತು ವಾಪಸ್ ತಗೊಳ್ಳಲ್ಲ. ಅಕ್ಕಾ, ಡಿಯಾನೊ ವಿಷಯದಲ್ಲಿ ನೀವು ಹೇಳಿದ್ದೇ ಸರಿ.

ಉಳಿದದ್ದು ಬರೆಯುತ್ತೇನೆ. 1999ರಲ್ಲಿ ಬ್ರೂಸ್, ಏಡ್ರಿಯನ್ ಇಬ್ಬರೂ ವಾಪಸ್ ಬಂದರು. ಏಡ್ರಿಯನ್ ಜಾಗಕ್ಕೆ ಬಂದಿದ್ದ ಯಾನಿಕ್ ಗರ್ಸ್‌ನನ್ನು ಕಳಿಸಲಿಲ್ಲ, ಅವನನ್ನೂ ಇಟ್ಟುಕೊಂಡರು. ಹಾಗಾಗಿ ಮೂರು ಗಿಟಾರ್. 2000ದ 'ಬ್ರೇವ್ ನ್ಯೂ ವರ್ಲ್ಡ್' ಹೊಸ ಕಾಲದ ಬಾಗಿಲು. 'ಬ್ಲಡ್ ಬ್ರದರ್ಸ್' ಹ್ಯಾರಿಸ್ ತನ್ನ ತಂದೆಯನ್ನು ನೆನೆದು ಬರೆದದ್ದು. 2003ರ 'ಡಾನ್ಸ್ ಆಫ್ ಡೆತ್' ಕವರ್ ಎಷ್ಟು ಕೆಟ್ಟದು ಅಂದರೆ, ಬರೆದ ಕಲಾವಿದನೇ ತನ್ನ ಹೆಸರು ತೆಗೆಸಿಕೊಂಡ. ಕವರ್ ನೋಡಬೇಡ, ಒಳಗೆ 'ಪ್ಯಾಶೆಂಡೇಲ್' ಕೇಳು, ಮೊದಲ ಮಹಾಯುದ್ಧದ ಕೆಸರು.

2006ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ನನಗೆ ಬೇರೆ ಕಾರಣಕ್ಕೆ ಹತ್ತಿರ. ಆ ಆಲ್ಬಮ್‌ನ ಪ್ರವಾಸದಲ್ಲೇ ಅವರು ಬೆಂಗಳೂರಿಗೆ ಬಂದದ್ದು. 2007ರ ಮಾರ್ಚ್ 17, ಅರಮನೆ ಮೈದಾನ. ಶಿರಸಿಯಿಂದ ರಾತ್ರಿ ಬಸ್ಸಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಮಧ್ಯಾಹ್ನದಿಂದ ಸಾಲಲ್ಲಿ ನಿಂತಿದ್ದೆ. ಶಿಲ್ಲಾಂಗ್, ಗುವಾಹಟಿಯಿಂದ ರೈಲಲ್ಲಿ ಬಂದ ಹುಡುಗರು ಪಕ್ಕದಲ್ಲಿದ್ದರು. ಎಲ್ಲರದೂ ಕಪ್ಪು ಟೀ ಶರ್ಟ್, ಮೊಣಕಾಲ ತನಕ ಕೆಂಪು ಧೂಳು. 'ಫಿಯರ್ ಆಫ್ ದಿ ಡಾರ್ಕ್' ಶುರುವಾದಾಗ ಜನ ಹಾಡಿದ್ದು ಮಾತನ್ನಲ್ಲ, ಗಿಟಾರಿನ ರಾಗವನ್ನ. ಓ ಓ ಓ ಅಂತ, ಇಡೀ ಮೈದಾನ. ಆ ತಳ್ಳಾಟದಲ್ಲಿ ನನ್ನ ಎಡಗಾಲಿನ ಚಪ್ಪಲಿ ಹೋಯಿತು. ಬಲಗಾಲಿನದ್ದನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಮೇಖ್ರಿ ಸರ್ಕಲ್ ತನಕ ನಡೆದೆ.

ಕ್ಯಾಸೆಟ್_ಅಕ್ಕ:
ನಾನೂ ಇದ್ದೆ! ಮಗಳಿಗೆ ಆಗ ಎರಡು ವರ್ಷ, ಅತ್ತೆ ಹತ್ತಿರ ಬಿಟ್ಟು ಹೋಗಿದ್ದೆ. ಆಫೀಸ್ ಕೆಲಸ ಅಂತ ಹೇಳಿದ್ದೆ, ಈಗ ಹೇಳಿದರೆ ಪರವಾಗಿಲ್ಲ. 2009ರಲ್ಲಿ ಅವರು ಮತ್ತೆ ಬಂದಾಗ ಸುಳ್ಳು ಹೇಳಬೇಕಾಗಲಿಲ್ಲ, ಯಜಮಾನರನ್ನೂ ಎಳಕೊಂಡು ಹೋಗಿದ್ದೆ. ಅವರು ಹತ್ತಿ ಇಟ್ಟುಕೊಂಡು ನಿಂತಿದ್ದರು, ಎರಡೂ ಕಿವಿಗೆ.

ಬೇಸ್_ಭಟ್ರು:
😄 ಮುಂದುವರಿಸುತ್ತೇನೆ. 2010ರ 'ದಿ ಫೈನಲ್ ಫ್ರಾಂಟಿಯರ್' ಶುರುವಿನ ಐದು ನಿಮಿಷ ಬರೀ ಗದ್ದಲ. ತಾಳ್ಮೆ ಇದ್ದರೆ ಕೊನೆಗೆ 'ವೆನ್ ದಿ ವೈಲ್ಡ್ ವಿಂಡ್ ಬ್ಲೋಸ್' ಇದೆ. ಅಣುಬಾಂಬ್ ಬೀಳುತ್ತೆ ಅಂತ ಹೆದರಿ ಒಂದು ಜೋಡಿ ನೆಲಮಾಳಿಗೆ ಸೇರುತ್ತೆ. ನೆಲ ನಡುಗುತ್ತೆ, ಬಾಂಬ್ ಬಿತ್ತು ಅಂದುಕೊಂಡು ವಿಷ ಕುಡಿಯುತ್ತಾರೆ. ನಡುಗಿದ್ದು ಬರೀ ಭೂಕಂಪಕ್ಕೆ.

2015ರ 'ದಿ ಬುಕ್ ಆಫ್ ಸೋಲ್ಸ್' ಎರಡು ಡಿಸ್ಕಿನದು. ಕೊನೆಯ ಹಾಡು 'ಎಂಪೈರ್ ಆಫ್ ದಿ ಕ್ಲೌಡ್ಸ್' 18 ನಿಮಿಷ, ಬ್ರೂಸ್‌ನೇ ಪಿಯಾನೋ ನುಡಿಸಿದ್ದಾನೆ. ಆರ್101 ಅನ್ನುವ ಬ್ರಿಟಿಷ್ ವಾಯುನೌಕೆಯ ಕಥೆ. 1930ರ ಅಕ್ಟೋಬರಲ್ಲಿ ಇಂಗ್ಲೆಂಡಿನಿಂದ ಹೊರಟಿತು. ಹೊರಟಿದ್ದು ಎಲ್ಲಿಗೆ ಗೊತ್ತಾ? ಕರಾಚಿಗೆ, ಆಗಿನ ಬ್ರಿಟಿಷ್ ಇಂಡಿಯಾಕ್ಕೆ. ಅಲ್ಲಿ ಅದಕ್ಕೆಂದೇ ದೈತ್ಯ ಶೆಡ್ ಕಟ್ಟಿಟ್ಟುಕೊಂಡಿದ್ದರು. ಫ್ರಾನ್ಸ್ ದಾಟುವ ಮೊದಲೇ ಬಿದ್ದು ಸುಟ್ಟುಹೋಯಿತು, 48 ಜನ ಸತ್ತರು. ಬ್ರೂಸ್ ಸ್ವತಃ ಪೈಲಟ್. 2008ರಲ್ಲಿ ಬ್ಯಾಂಡನ್ನೂ ಸಾಮಾನನ್ನೂ ಬೋಯಿಂಗ್ 757ರಲ್ಲಿ ತುಂಬಿಕೊಂಡು ಮುಂಬೈಗೆ ಬಂದು ಪ್ರವಾಸ ಶುರು ಮಾಡಿದವನು. ಅಂಥವನು ಬರೆದ ವಿಮಾನದ ಹಾಡು, ಹಾಗಾಗಿ ಹವಾಮಾನ, ಭಾರ, ಅಧಿಕಾರಿಗಳ ಅವಸರ, ಎಲ್ಲ ವಿವರವಾಗಿ ಬರುತ್ತೆ. ಈ ಆಲ್ಬಮ್ ರೆಕಾರ್ಡಿಂಗ್ ಮುಗಿದ ಮೇಲೆ ಅವನ ನಾಲಿಗೆ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಗುಣವಾಗಿ ಮತ್ತೆ ಹಾಡಿದ.

2021ರ 'ಸೆಂಜುಟ್ಸು' ಉದ್ದ ಜಾಸ್ತಿ, 80 ನಿಮಿಷ ದಾಟುತ್ತೆ. ಕೊನೆಯ 'ಹೆಲ್ ಆನ್ ಅರ್ಥ್' ಒಂದಕ್ಕೆ ಉಳಿದದ್ದೆಲ್ಲ ಕ್ಷಮಿಸಿದೆ.

ತಮಟೆ_ತಿಮ್ಮ:
ಭಟ್ರೇ, ನಿಮ್ಮ ಲಿಸ್ಟಲ್ಲಿ ಎಲ್ಲ ಆಲ್ಬಮ್‌ಗೂ ಕೊನೆಯ ಹಾಡೇ ಒಳ್ಳೆಯದು. ನೀವು ಮಧ್ಯದಲ್ಲಿ ನಿದ್ದೆ ಮಾಡ್ತೀರಾ ಹೇಗೆ?

ಬೇಸ್_ಭಟ್ರು:
ಬೆಳಗಿನ ಜಾವದ ಪದ್ಯ ಕೇಳೋಕೇ ತಾನೇ ರಾತ್ರಿ ಪೂರ್ತಿ ಆಟ ನೋಡೋದು ತಿಮ್ಮಣ್ಣ.

ಹಾಸನದ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್! ಶನಿವಾರ ಮಂಗಳೂರಿಗೆ ಹೋಗುವಾಗ ರಾತ್ರಿ ಬಸ್ಸಲ್ಲಿ ಪವರ್‌ಸ್ಲೇವ್ ಹಾಕಿದೆ. ಭಟ್ಟರು ಹೇಳಿದ ಹಾಗೆ ಮ್ಯಾರಿನರ್ ಕಥೆ ಮೊದಲೇ ಓದಿಕೊಂಡಿದ್ದೆ. ಶಿರಾಡಿ ಘಾಟಿ ಇಳಿಯುವಾಗ ಕರೆಕ್ಟಾಗಿ ಆ ನಿಲ್ಲುವ ಜಾಗ ಬಂತು. ಕಿಟಕಿ ಹೊರಗೆ ಏನೂ ಕಾಣಲ್ಲ, ಮಳೆ. ಕಿರ್ರ್ ಕಿರ್ರ್ ಅಂತ ಸದ್ದು. ಹಾಡಿಂದಾ, ಬಸ್ಸಿಂದಾ ಅಂತ ಗೊತ್ತಾಗದೆ ಇಯರ್‌ಫೋನ್ ಒಂದು ಕಡೆ ತೆಗೆದು ನೋಡಿದೆ. ಎರಡೂ.

ನಾಳೆ ವಾಪಸ್ ಬರ್ತೀನಿ. ಐದು ಗಂಟೆ ದಾರಿ. 'ಲೈವ್ ಆಫ್ಟರ್ ಡೆತ್' ಹಾಕಲಾ, ಅಕ್ಕ ಹೇಳಿದ 'ಫ್ಯಾಂಟಮ್' ಹಾಕಲಾ?

ಕ್ಯಾಸೆಟ್_ಅಕ್ಕ:
ಐದು ಗಂಟೆ ಇದೆಯಲ್ಲಪ್ಪಾ, ಎರಡೂ ಹಾಕು. ಮೊದಲು ನನ್ನದು.